ವಾರಕ್ಕೆ ಮೂರೇ ದಿನ ರೈಲಿನಲ್ಲಿ ಓಡಾಡುವವರು ತಿಂಗಳ ಪಾಸ್ ಮಾಡಿಸಬೇಕೇ?

ತುಮಕೂರಿನಿಂದ ಬೆಂಗಳೂರಿಗೆ ವಾರದಲ್ಲಿ ಮೂರು ದಿನ ಮಾತ್ರ ಹೋಗಬೇಕಾದವರಿಗೆ ಪಾಸ್ ನಷ್ಟವಲ್ಲವೇ, ಆಯಾ ದಿನ ಮೊಬೈಲಿನಲ್ಲೇ ಟಿಕೆಟ್ ತೆಗೆದುಕೊಂಡರೆ ಸಾಲದೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹಾಕಿದ ಲೆಕ್ಕವೂ ಅಕ್ಷರಶಃ ಇದೇ ಆಗಿತ್ತು. ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಮನೆಯಲ್ಲೇ ಇರುವವನು ಇಡೀ ತಿಂಗಳಿಗೆ ಹಣ ಕಟ್ಟುವುದೇಕೆ ಎಂದುಕೊಂಡು, ಕಾಯ್ದಿರಿಸದ ಟಿಕೆಟ್ ತೆಗೆಯುವ ರೈಲ್ವೆಯ ಯುಟಿಎಸ್ ಆ್ಯಪ್ ಹಾಕಿಸಿಕೊಂಡು, ಅದರ ವಾಲೆಟ್‌ಗೆ ಒಂದಿಷ್ಟು ದುಡ್ಡು ತುಂಬಿಸಿ ನಿಶ್ಚಿಂತೆಯಿಂದ ಇದ್ದೆ. ಸ್ಟೇಷನ್ ರಸ್ತೆಗೆ ಬಂದ ಕೂಡಲೇ ಟಿಕೆಟ್ ತೆಗೆಯುವುದು, ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮಿಗೆ ಇಳಿಯುವುದು, ಬಂದ ಪ್ಯಾಸೆಂಜರ್ ಹತ್ತುವುದು ರೂಢಿಯಾಯಿತು. ಕೆಲವು ತಿಂಗಳು ಯಾವ ತೊಡಕೂ ಆಗಲಿಲ್ಲವಾದ್ದರಿಂದ ಈ ಏರ್ಪಾಟಿನಲ್ಲಿ ಇರುವ ತೂತು ನನಗೆ ಕಾಣಲೇ ಇಲ್ಲ.

ಒಂದು ದಿನ ಸ್ಟೇಷನ್ ಹತ್ತಿರ ಬರುವಾಗ ಕಚೇರಿಯಿಂದ ಫೋನ್ ಬಂದಿತ್ತು. ಮಾತನಾಡುತ್ತಲೇ ಸೇತುವೆ ದಾಟಿ ಎರಡನೆಯ ಪ್ಲಾಟ್‌ಫಾರ್ಮಿಗೆ ಇಳಿದೆ. ಅಲ್ಲಿ ನನ್ನ ಪ್ಯಾಸೆಂಜರ್ ಬದಲು ಹುಬ್ಬಳ್ಳಿಯಿಂದ ರಾತ್ರಿ ಹೊರಟು, ತಡವಾಗಿ ಬಂದ ಎಕ್ಸ್‌ಪ್ರೆಸ್ ನಿಂತಿತ್ತು. ದಿನವೂ ಓಡಾಡುವವರಿಗೆ ತಡವಾದ ಎಕ್ಸ್‌ಪ್ರೆಸ್ ಎಂದರೆ ಎಷ್ಟು ದೊಡ್ಡ ಅನುಕೂಲವೆಂದು ನಿಮಗೂ ಬೇಗ ತಿಳಿಯುತ್ತದೆ. ದಾರಿಯ ಸಣ್ಣ ನಿಲ್ದಾಣಗಳಲ್ಲಿ ನಿಲ್ಲದೆ ಅದು ನೇರವಾಗಿ ಯಶವಂತಪುರದತ್ತ ಹೋಗಿಬಿಡುತ್ತದೆ. ಹಿಂದೆ ಮುಂದೆ ನೋಡದೆ ಕೊನೆಯ ಜನರಲ್ ಬೋಗಿ ಹತ್ತಿ, ಬಾಗಿಲ ಬಳಿಯೇ ನಿಂತು, ಆಗ ಆ್ಯಪ್ ತೆರೆದೆ.

ಆ್ಯಪ್ ಟಿಕೆಟ್ ಕೊಡಲಿಲ್ಲ. ರೈಲಿನೊಳಗೆ ಅಥವಾ ಹಳಿಗೆ ತೀರ ಹತ್ತಿರ ನಿಂತವರಿಗೆ ಜಿಪಿಎಸ್ ಆಧಾರದ ಕಾಗದರಹಿತ ಟಿಕೆಟ್ ಸಿಗದಂತೆಯೇ ಅದನ್ನು ರೂಪಿಸಲಾಗಿದೆ. ಟಿಸಿ ಕಂಡ ಮೇಲೆ ಟಿಕೆಟ್ ತೆಗೆಯುವವರನ್ನು ತಡೆಯಲು ಬೇರೆ ದಾರಿಯಿಲ್ಲ. ನಿಲ್ದಾಣದೊಳಗೆ ಬಂದವರಿಗೆಂದೇ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ, ಅದನ್ನು ಸ್ಕ್ಯಾನ್ ಮಾಡಿದರೆ ಟಿಕೆಟ್ ಬರುತ್ತದೆ. ಆದರೆ ನಾನು ಕಂಡಿದ್ದ ಕೋಡ್ ಟಿಕೆಟ್ ಕೌಂಟರಿನ ಪಕ್ಕದಲ್ಲಿತ್ತು, ನಾನು ಸೇತುವೆಯ ಈಚೆ ಬೋಗಿಯೊಳಗಿದ್ದೆ. ಇಳಿದು ಓಡಲೇ ಎಂದು ಯೋಚಿಸುವಷ್ಟರಲ್ಲಿ ರೈಲು ಹೊರಟಿತು.

ಇಲ್ಲಿಯವರೆಗೆ ನಡೆದದ್ದನ್ನು ನಾನು ತಪ್ಪೆಂದು ಕರೆಯುವುದಿಲ್ಲ. ಗಡಿಬಿಡಿಯಲ್ಲಿ ಯಾರಿಗಾದರೂ ಆಗುವಂಥದ್ದು ಅದು. ತಪ್ಪು ಆಮೇಲೆ ನಡೆಯಿತು. ಎಲ್ಲಿ ನಡೆಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನೊಡನೆ ಓಡಾಡುವವರಲ್ಲಿ ಹೆಚ್ಚಿನವರಿಗೆ ಇಂಥ ಸಂದರ್ಭಕ್ಕೊಂದು ನಿಯಮ ಇದೆಯೆಂದೇ ಗೊತ್ತಿಲ್ಲ.

ಚಿಕ್ಕಬಾಣಾವರದಲ್ಲಿ ಸಿಗ್ನಲ್ ಸಿಗದೆ ರೈಲು ನಿಂತಿತು. ನಾನಿದ್ದ ಬೋಗಿಗೆ ತಾಗಿಯೇ ಗಾರ್ಡ್ ಡಬ್ಬಿ. ಗಾರ್ಡ್ ಬಾಗಿಲಲ್ಲಿ ನಿಂತು ಮುಂದಿನ ಸಿಗ್ನಲ್ ಕಡೆ ನೋಡುತ್ತಿದ್ದರು. ಮಡಿಸಿದ ಹಸಿರು ಬಾವುಟ ಅವರ ಕಂಕುಳಲ್ಲಿತ್ತು. ಕೆಲವರು ಕೆಳಗಿಳಿದು ಕೈಕಾಲು ಸಡಿಲಿಸುತ್ತಿದ್ದರು. ನಾನೂ ಇಳಿದೆ. ಅವರ ಹತ್ತಿರಕ್ಕೇ ಹೋಗಿ, "ಇನ್ನೂ ಎಷ್ಟು ಹೊತ್ತಾಗ್ಬಹುದು ಸಾರ್?" ಎಂದು ಕೇಳಿದೆ. "ಮುಂದೆ ಲೈನ್ ಕ್ಲಿಯರ್ ಆಗ್ಬೇಕು, ಹತ್ಕೊಳ್ಳಿ" ಎಂದರು. ಹತ್ತಿಕೊಂಡೆ. ಟಿಕೆಟ್ ಇಲ್ಲವೆಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಯಶವಂತಪುರದಲ್ಲಿ ಇಳಿದು ಹೊರಗೆ ಹೋಗುವಾಗ ಟಿಸಿ ತಡೆದರು. ಏನೂ ಮುಚ್ಚಿಡದೆ, ತುಮಕೂರಿನಲ್ಲಿ ಹತ್ತಿದ್ದನ್ನೂ ಆ್ಯಪ್ ಟಿಕೆಟ್ ಕೊಡದಿದ್ದುದನ್ನೂ ಹೇಳಿದೆ. ಅವರು ಸಿಡುಕಲಿಲ್ಲ. "ನೀವು ಹೇಳೋದು ನಿಜ ಇರ್ಬಹುದು ಸಾರ್. ಆದ್ರೆ ತುಮಕೂರಲ್ಲೇ ಹತ್ತಿದ್ರಿ ಅನ್ನೋದಕ್ಕೆ ನಿಮ್ಮತ್ರ ಏನಿದೆ? ಗಾರ್ಡ್‌ಗೆ ಹೇಳಿ ಒಂದು ಚೀಟಿ ಬರೆಸ್ಕೊಂಡು ಬಂದಿದ್ರೆ ಬರೀ ಟಿಕೆಟ್ ದುಡ್ಡು ತಗೊಂಡು ಕಳಿಸ್ತಿದ್ದೆ" ಎಂದರು. ಮೇಜಿನ ಮೇಲೆ ರಸೀದಿ ಪುಸ್ತಕ ಬಿಡಿಸಿ, ಹಾಳೆಯ ಕೆಳಗೆ ಕಾರ್ಬನ್ ಸರಿಸಿ, ಹೊರಟ ನಿಲ್ದಾಣದ ಜಾಗದಲ್ಲಿ ಹುಬ್ಬಳ್ಳಿ ಎಂದು ಒತ್ತಿ ಬರೆದರು. ತುಮಕೂರಿನಿಂದ ನಾನು ಬಂದ ದೂರ ಸುಮಾರು 65 ಕಿ.ಮೀ.; ನಾನು ತೆತ್ತದ್ದು ಹುಬ್ಬಳ್ಳಿಯಿಂದ ಇಲ್ಲಿಯವರೆಗಿನ, ಅಂದರೆ 450 ಕಿ.ಮೀ.ಗೂ ಮೀರಿದ ದೂರದ ದರ, ಅದರ ಮೇಲೆ 250 ರೂಪಾಯಿ ದಂಡ. ಜೇಬಿನಲ್ಲಿ ಅಷ್ಟು ನಗದು ಇರಲಿಲ್ಲ. ಸಹೋದ್ಯೋಗಿಯೊಬ್ಬರು ಹಣ ತಂದುಕೊಡುವವರೆಗೆ ಅಲ್ಲಿನ ಬೆಂಚಿನ ಮೇಲೆ ಕುಳಿತೆ. ಅರ್ಧ ದಿನದ ಸಂಬಳವೂ ಹೋಯಿತು.

ಅನ್ಯಾಯವೆಂದು ಆಗ ಕುದಿದೆ. ಕಾನೂನು ಓದಿದ ಮೇಲೆ ಟಿಸಿ ಮಾಡಿದ್ದು ಸರಿಯೆಂದು ಒಪ್ಪಿಕೊಂಡೆ. 1989ರ ರೈಲ್ವೆ ಕಾಯ್ದೆಯ 138ನೆಯ ಕಲಮಿನ ಪ್ರಕಾರ, ಟಿಕೆಟ್ ಇಲ್ಲದವರು ಪ್ರಯಾಣ ದರವನ್ನೂ, ಅದರ ಜೊತೆಗೆ ಅಷ್ಟೇ ಮೊತ್ತ ಅಥವಾ 250 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನೂ ಕಟ್ಟಬೇಕು. ಎಲ್ಲಿ ಹತ್ತಿದರೆಂಬ ಬಗ್ಗೆ ಸಂದೇಹವಿದ್ದರೆ ರೈಲು ಹೊರಟ ನಿಲ್ದಾಣದಿಂದಲೇ ದರ ಹಾಕಬಹುದು. ದಾರಿಯಲ್ಲಿ ಟಿಕೆಟ್ ತಪಾಸಣೆ ನಡೆದಿದ್ದರೆ ಕೊನೆಯ ತಪಾಸಣೆಯಾದ ಜಾಗದಿಂದ. ತುಂಬಿ ತುಳುಕುತ್ತಿದ್ದ ಆ ಜನರಲ್ ಬೋಗಿಯಲ್ಲಿ ರಾತ್ರಿಯಿಡೀ ಯಾರೂ ಟಿಕೆಟ್ ಕೇಳಿರಲಿಲ್ಲ. ಆದರೆ ಅದೇ ಕಾಯ್ದೆಯ 55ನೆಯ ಕಲಮು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ: ಅಧಿಕಾರವಿರುವ ರೈಲ್ವೆ ನೌಕರರು, ಪ್ರಯಾಣಿಕನು ಮುಂದೆ ದರ ಕಟ್ಟುತ್ತಾನೆಂಬ ಷರತ್ತಿನ ಮೇಲೆ, ಪ್ರಯಾಣಕ್ಕೆ ಅನುಮತಿ ಕೊಟ್ಟು ಪ್ರಮಾಣಪತ್ರ ಬರೆದುಕೊಡಬಹುದು. ಗಾರ್ಡ್ ಸರ್ಟಿಫಿಕೇಟ್ ಎಂದು ಕರೆಯುವುದು ಇದನ್ನೇ. ಈ ಚೀಟಿ ಕೈಯಲ್ಲಿದ್ದವನಿಂದ ದಂಡ ವಸೂಲು ಮಾಡುವಂತಿಲ್ಲವೆಂದು 138ನೆಯ ಕಲಮೇ ಹೇಳುತ್ತದೆ.

ಚೀಟಿ ಕೊಡಲೇಬೇಕೆಂದು ಗಾರ್ಡ್ ಅವರನ್ನು ಒತ್ತಾಯಿಸುವ ಹಕ್ಕು ನಮಗಿಲ್ಲ, ಅದು ಅವರ ವಿವೇಚನೆಗೆ ಬಿಟ್ಟದ್ದು. ರೈಲು ಹೊರಡುವ ಮುಂಚೆಯೇ ಹೋಗಿ ಕೇಳುವುದು ಸರಿಯಾದ ಕ್ರಮ. ತುಮಕೂರಿನಲ್ಲಿ ಅವರ ಡಬ್ಬಿಯ ಪಕ್ಕದ ಬಾಗಿಲಿನಿಂದಲೇ ಹತ್ತಿದ ನಾನು ಮೊಬೈಲ್ ಪರದೆ ಒತ್ತುತ್ತ ನಿಂತಿದ್ದೆ. ತಲೆಯೆತ್ತಿ ನಾಲ್ಕು ಹೆಜ್ಜೆ ನಡೆದು, "ಸಾರ್, ಟಿಕೆಟ್ ತೆಗೆಯಲು ಆಗಲಿಲ್ಲ, ತುಮಕೂರಿನಲ್ಲಿ ಹತ್ತುತ್ತಿದ್ದೇನೆ" ಎಂದಿದ್ದರೆ, ನಾನು ಎಲ್ಲಿ ಹತ್ತಿದೆನೆಂಬುದಕ್ಕೆ ರೈಲಿನ ಹೊಣೆ ಹೊತ್ತವರೇ ಸಾಕ್ಷಿಯಾಗುತ್ತಿದ್ದರು. ಚಿಕ್ಕಬಾಣಾವರದಲ್ಲಿ ಹೇಳಿದ್ದರೂ, ಸಿಕ್ಕಿಬೀಳುವ ಮೊದಲೇ ತಾನಾಗಿ ಬಂದು ಹೇಳಿದವನೆಂಬ ಮಾತಾದರೂ ಉಳಿಯುತ್ತಿತ್ತು. ಟಿಕೆಟ್ ಇಲ್ಲದೆ ಹತ್ತಿದ್ದಕ್ಕಿಂತಲೂ ಬಾಯಿ ಬಿಡದೆ ಕುಳಿತದ್ದು ನನಗೆ ದುಬಾರಿಯಾಯಿತು. 2022ರ ಜನವರಿಯಿಂದ ಗಾರ್ಡ್ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ; ಗಾರ್ಡ್ ಸಾರ್ ಎಂದು ಕರೆದರೂ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ನೇರವಾಗಿ ಹೇಳುವುದಾದರೆ ಆ ಲೆಕ್ಕದ ಬುಡವೇ ತಪ್ಪಾಗಿದೆ. ಮಾಸಿಕ ಪಾಸಿನ ದರ ಮೂವತ್ತು ದಿನಗಳ ಹೋಗಿಬರುವ ದರವಲ್ಲ. ಸುಮಾರು 15 ಒಂಟಿ ಪ್ರಯಾಣಗಳ ದರಕ್ಕೆ ಅದನ್ನು ಹೊಂದಿಸಲಾಗಿದೆ. 2014ರಲ್ಲಿ ಅದನ್ನು 30 ಪ್ರಯಾಣಗಳಿಗೆ ಏರಿಸುವ ತೀರ್ಮಾನ ಹೊರಬಿದ್ದು, ವಿರೋಧ ಬಂದ ಮೇಲೆ ಹಿಂದಕ್ಕೆ ಹೋಯಿತು. ವಾರಕ್ಕೆ ಮೂರು ದಿನವೆಂದರೆ ತಿಂಗಳಿಗೆ ಹನ್ನೆರಡು ಹದಿಮೂರು ದಿನ, ಅಂದರೆ ಇಪ್ಪತ್ತನಾಲ್ಕಕ್ಕೆ ಕಡಿಮೆಯಿಲ್ಲದ ಪ್ರಯಾಣ. ಎಂಟು ದಿನ ಹೋಗಿಬಂದರೇ ಪಾಸಿನ ಹಣ ಹುಟ್ಟುತ್ತದೆ. ವಾರಕ್ಕೊಂದೇ ದಿನ ಹೋಗುವವರಿಗೆ ಟಿಕೆಟ್ ಸರಿ, ನಿಮಗಲ್ಲ. ಪ್ಯಾಸೆಂಜರ್ ಮತ್ತು ಮೆಮು ರೈಲುಗಳ ಕನಿಷ್ಠ ದರ ಕೋವಿಡ್ ಕಾಲದಲ್ಲಿ 30 ರೂಪಾಯಿಗೆ ಏರಿದ್ದದ್ದು 2024ರ ಫೆಬ್ರುವರಿಯಲ್ಲಿ ಮತ್ತೆ 10ಕ್ಕೆ ಇಳಿದಿರುವುದರಿಂದ ದಿನದ ಟಿಕೆಟ್ ಅಗ್ಗವಾಗಿ ಕಾಣುತ್ತದೆ, ನಿಜ. ಆದರೆ ಆ ದರದ ಟಿಕೆಟ್ ಎಕ್ಸ್‌ಪ್ರೆಸ್ ರೈಲಿಗೆ ನಡೆಯುವುದಿಲ್ಲ. ಆ ಬೆಳಿಗ್ಗೆ ನಾನು ಸ್ಟೇಷನ್ ರಸ್ತೆಯಲ್ಲೇ ಎಂದಿನ ಟಿಕೆಟ್ ತೆಗೆದಿದ್ದರೂ ಎಕ್ಸ್‌ಪ್ರೆಸ್ ಹತ್ತಿದ ಕೂಡಲೇ ಅದು ಆ ರೈಲಿಗೆ ಸಲ್ಲದ ಟಿಕೆಟ್ ಆಗುತ್ತಿತ್ತು.

ಹಣಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇದೇ. 199 ಕಿ.ಮೀ.ವರೆಗಿನ ಕಾಯ್ದಿರಿಸದ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ, ಅಥವಾ ಅಲ್ಲಿಗೆ ಹೋಗುವ ಮೊದಲ ರೈಲು ಹೊರಡುವುದರೊಳಗೆ, ಪ್ರಯಾಣ ಆರಂಭವಾಗಬೇಕು. ಯಾವ ಬಗೆಯ ರೈಲು ಹತ್ತುತ್ತೀರೆಂದು ಮೊದಲೇ ನಿರ್ಧರಿಸಿರಬೇಕು. ಮೊಬೈಲ್ ಚಾರ್ಜ್ ಮುಗಿದು ಟಿಕೆಟ್ ತೋರಿಸಲಾಗದಿದ್ದರೆ ಟಿಕೆಟ್ ಇಲ್ಲದವರೆಂದೇ ಲೆಕ್ಕ, ಸ್ಕ್ರೀನ್‌ಶಾಟ್ ಒಪ್ಪುವುದಿಲ್ಲ. ರೈಲುಗಳು ಹೇಳಿದ ಹೊತ್ತಿಗೆ ಬರುವ ಊರಿನಲ್ಲಿ ಇದೆಲ್ಲ ನಡೆದೀತು. ಈ ಮಾರ್ಗದಲ್ಲಿ ನಿಮ್ಮ ಪ್ಯಾಸೆಂಜರನ್ನು ಲೂಪ್ ಲೈನಿನಲ್ಲಿ ನಿಲ್ಲಿಸಿ ಹಿಂದಿನ ರೈಲನ್ನು ಮುಂದೆ ಬಿಡುವ ದಿನಗಳು ಬಂದೇ ಬರುತ್ತವೆ. ಪಾಸ್ ಇದ್ದರೆ, ಪಾಸಿಗೆ ಅವಕಾಶವಿರುವ ಯಾವ ಪ್ಯಾಸೆಂಜರ್, ಯಾವ ಎಕ್ಸ್‌ಪ್ರೆಸ್ ಮೊದಲು ಬಂದರೂ ಅದರ ಜನರಲ್ ಬೋಗಿ ಹತ್ತಿ ಹೋಗಬಹುದು.

ಮಾಡಿಸುವಾಗ ಕೆಎಸ್‌ಆರ್ ಬೆಂಗಳೂರಿನವರೆಗೆ, ಅಂದರೆ ಸಿಟಿ ನಿಲ್ದಾಣದವರೆಗೆ, ಮಾಡಿಸಿ. ಮೆಟ್ರೋ ಹಿಡಿಯಲು ಯಶವಂತಪುರದಲ್ಲಿ ಇಳಿಯುತ್ತೀರಾದರೂ, ಒಂದಲ್ಲ ಒಂದು ದಿನ ಸಿಟಿಯವರೆಗೆ ಹೋಗುವ ಕೆಲಸ ಬೀಳುತ್ತದೆ. ಯಶವಂತಪುರದವರೆಗಿನ ಪಾಸ್ ಹಿಡಿದು ಮುಂದಕ್ಕೆ ಹೋದರೆ ಆ ತುಂಡು ದೂರಕ್ಕೂ ಅದೇ 138ನೆಯ ಕಲಮು ಬರುತ್ತದೆ. ಪಾಸಿನಲ್ಲಿ ಸಂಖ್ಯೆ ನಮೂದಾಗಿರುವ ಗುರುತಿನ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಿ, ಅದಿಲ್ಲದ ಪಾಸ್ ಸಿಂಧುವಲ್ಲ. ಕಾಯ್ದಿರಿಸಿದ ಬೋಗಿಗೆ, ಖಾಲಿ ಕಂಡರೂ ಹತ್ತಬೇಡಿ. ಸೂಪರ್‌ಫಾಸ್ಟ್ ಶುಲ್ಕ ಸೇರಿಸದ ಪಾಸ್ ಸೂಪರ್‌ಫಾಸ್ಟ್ ರೈಲಿಗೆ ನಡೆಯದ ಕಾರಣ, ನೀವು ಹತ್ತುವ ಹೊತ್ತಿನ ರೈಲುಗಳಲ್ಲಿ ಯಾವುವು ಆ ವರ್ಗಕ್ಕೆ ಸೇರಿವೆಯೆಂದು ಮೊದಲೇ ವಿಚಾರಿಸಿಡಿ.

ಮೂರು ತಿಂಗಳ ಪಾಸಿಗೆ ಮಾಸಿಕ ಪಾಸಿನ 2.7 ಪಟ್ಟು ದರ. ಕೆಲಸ ಹೊಸದಾದ್ದರಿಂದ ಮೊದಲ ತಿಂಗಳು ಮಾಸಿಕ ಪಾಸ್ ಸಾಕು. ಈ ಓಡಾಟ ನಿಮಗೆ ಒಗ್ಗುತ್ತದೆಯೋ ಇಲ್ಲವೋ ತಿಳಿದ ಮೇಲೆ ಮೂರು ತಿಂಗಳದ್ದಕ್ಕೆ ಹೋಗಿ. ಅವಧಿ ಮುಗಿಯುವ 10 ದಿನ ಮೊದಲಿನಿಂದಲೇ ನವೀಕರಿಸಲು ಅವಕಾಶವಿದೆ, ಕೊನೆಯ ದಿನದವರೆಗೆ ಕಾಯಬೇಡಿ. ಅವಧಿ ಮುಗಿದದ್ದು ಪ್ಲಾಟ್‌ಫಾರ್ಮಿನಲ್ಲೇ ಗೊತ್ತಾಗಿ, ರೈಲು ಎದುರಿಗೇ ನಿಂತಿದ್ದರೆ, ಹತ್ತುವ ಮೊದಲು ಗಾರ್ಡ್ ಅವರ ಬಳಿ ಹೋಗಿ ಹೇಳಿ.