ಆಟೋಇಮ್ಯೂನ್ ಹೆಪಟೈಟಿಸ್ ಇದೆ, ಮಗು ಬೇಕು. ಮಾತ್ರೆ ಬಿಡಬೇಕಾ?

ನಿಮಗೆ 28 ವರ್ಷ, ಆಟೋಇಮ್ಯೂನ್ ಹೆಪಟೈಟಿಸ್ (ಮೈಯ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿಬೀಳುವ ಕಾಯಿಲೆ) ಇದೆ, ಆ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಜೊತೆಗೆ ಸ್ವಲ್ಪ ಸ್ಟೀರಾಯ್ಡ್ ತಗೊಳ್ತಿದ್ದೀರಿ. ಬಸಿರಾಗಬೇಕಾದರೆ ಮೊದಲು ಮಾತ್ರೆ ಬಿಡು ಅಂತ ಅತ್ತೆ ಹೇಳುತ್ತಿದ್ದಾರೆ, ಬಿಡಲಾ ಅಂತ ಕೇಳಿದ್ದೀರಿ.

ಬಿಡಬೇಡಿ. ನೀವಾಗೇ ಒಂದು ಮಾತ್ರೆಯನ್ನೂ ಬಿಡಬೇಡಿ. ನನಗೂ ಇದೇ ಕಾಯಿಲೆ, ಊರು ಬೇಲೂರಿನ ಹತ್ತಿರ. ಅಜಥಯೋಪ್ರಿನ್ ನುಂಗುತ್ತಲೇ ಬಸಿರಾದೆ, ನುಂಗುತ್ತಲೇ ಹೆತ್ತೆ. ಮಗ ಈಗ ಅಂಗನವಾಡಿಗೆ ಹೋಗುತ್ತಾನೆ.

ಮಾತ್ರೆ ಡಬ್ಬಿಯೊಳಗಿನ ಚೀಟಿ ಓದಿದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಆದರೆ ಕಿಡ್ನಿ ಕಸಿ ಮಾಡಿಸಿಕೊಂಡವರು, ಕರುಳಿನ ಕಾಯಿಲೆಯವರು ಎಷ್ಟೋ ದಶಕಗಳಿಂದ ಇದೇ ಮಾತ್ರೆ ತಗೊಂಡು ಮಕ್ಕಳನ್ನು ಹೆತ್ತಿದ್ದಾರೆ. ಮಾತ್ರೆ ಬಿಟ್ಟು ಕಾಯಿಲೆ ಕೆರಳಿದರೆ ಅದೇ ದೊಡ್ಡ ಅಪಾಯ. ಹೆರಿಗೆ ಅವಧಿಗೆ ಮುಂಚೆಯೇ ಆಗಬಹುದು, ಗರ್ಭ ನಿಲ್ಲದೆಯೂ ಹೋಗಬಹುದು.

ಒಂದು ಔಷಧಿಯ ಕಥೆ ಮಾತ್ರ ಬೇರೆ. ಕೆಲವರಿಗೆ ಅಜಥಯೋಪ್ರಿನ್ ಒಗ್ಗದೆ ಮೈಕೋಫಿನೋಲೇಟ್ ಕೊಟ್ಟಿರುತ್ತಾರೆ. ಅದರಿಂದ ಗರ್ಭಪಾತ ಆಗಬಹುದು, ಮಗುವಿನ ಕಿವಿ, ತುಟಿಯಲ್ಲಿ ದೋಷ ಬರಬಹುದು. ಗರ್ಭ ನಿಲ್ಲುವುದಕ್ಕೆ ಕನಿಷ್ಠ 6 ವಾರ ಮೊದಲು ಅದನ್ನು ನಿಲ್ಲಿಸಬೇಕು. ಅದನ್ನೂ ಡಾಕ್ಟರೇ ನಿಲ್ಲಿಸಿ ಬೇರೆ ಔಷಧಿಗೆ ಬದಲಾಯಿಸಬೇಕು. ನಿಮ್ಮ ಸ್ಟ್ರಿಪ್ ಮೇಲಿನ ಹೆಸರು ಈಗಲೇ ಒಮ್ಮೆ ನೋಡಿಕೊಳ್ಳಿ.

ಕಾಯಿಲೆ ಎಷ್ಟು ಹತೋಟಿಯಲ್ಲಿದೆ ಅಂತ ತೋರಿಸುವ ರಕ್ತಪರೀಕ್ಷೆಗಳಾದ ಎಸ್‌ಜಿಪಿಟಿ, ಐಜಿಜಿ ಎರಡೂ ಒಂದು ವರ್ಷ ನಾರ್ಮಲ್ ಇದ್ದ ಮೇಲೆ ಪ್ರಯತ್ನ ಪಡುವುದು ಒಳ್ಳೆಯದು. ಲಿವರ್ ಸಿರೋಸಿಸ್ ಹಂತಕ್ಕೆ (ಗಾಯದ ಕಲೆಗಟ್ಟಿ ಗಟ್ಟಿಯಾಗುವ ಹಂತ) ಹೋಗಿದೆಯಾ ಅಂತಲೂ ಕೇಳಿ. ಹೋಗಿದ್ದರೆ ಮೊದಲೇ ಎಂಡೋಸ್ಕೋಪಿ ಬೇಕಾಗಬಹುದು, ಯಾಕೆಂದರೆ ಅಂಥವರಿಗೆ ಅನ್ನನಾಳದ ರಕ್ತನಾಳಗಳು ಊದಿಕೊಂಡಿದ್ದರೆ ಬಸಿರಿನಲ್ಲಿ ಒಡೆದು ರಕ್ತ ಹೋಗುವ ಭಯ ಇರುತ್ತದೆ.

ಹಾಸನದಲ್ಲಿ ಹೆರಿಗೆ ಡಾಕ್ಟರ್‌ಗಳಿಗೇನೂ ಬರ ಇಲ್ಲ. ಲಿವರ್‌ಗೆ ಅಂತ ನಮ್ಮ ಕಡೆಯವರು ಬೆಂಗಳೂರು, ಮೈಸೂರು, ಮಂಗಳೂರು ಅಂತ ಓಡಾಡುವುದೇ ಜಾಸ್ತಿ. ಮಂಗಳೂರಾದರೆ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಏನು ಮಾಡೋದು ಅಂತಲೂ ಯೋಚಿಸಿ. ನಾನು ರೈಲಿದೆ ಅಂತ ಬೆಂಗಳೂರು ಹಿಡಿದೆ. ಲಿವರ್ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿ ತಾಯಿ ಕಾರ್ಡಿನೊಳಗೇ ಪಿನ್ ಮಾಡಿಟ್ಟಿದ್ದೆ. ಯಾವ ಮಾತ್ರೆ ನಿಲ್ಲಿಸಬಾರದು, ಎಷ್ಟು ದಿನದಿಂದ ಸ್ಟೀರಾಯ್ಡ್ ಇದೆ, ಎಲ್ಲ ಅದರಲ್ಲಿತ್ತು. ಸ್ಟೀರಾಯ್ಡ್ ತಗೊಳ್ಳುವವರಿಗೆ ಹೆರಿಗೆ ಹೊತ್ತಿನಲ್ಲಿ ಡೋಸ್ ಹೆಚ್ಚಿಸಬೇಕಾಗಬಹುದು, ನೋವಿನಲ್ಲಿರುವಾಗ ಇದನ್ನೆಲ್ಲ ನಾವೇ ಹೇಳೋಕಾಗುತ್ತಾ? ಬಸಿರಿನಲ್ಲಿ ಸಕ್ಕರೆ, ಬಿಪಿ ಮೇಲೂ ಕಣ್ಣಿಡಿ, ಸ್ಟೀರಾಯ್ಡ್ ಎರಡನ್ನೂ ಏರಿಸುತ್ತದೆ. ಕೊನೆಯ ತಿಂಗಳುಗಳಲ್ಲಿ ಲಿವರ್ ರಿಪೋರ್ಟಿನಲ್ಲಿ ಅಲ್ಕಲೈನ್ ಫಾಸ್ಫಟೇಸ್ ಅನ್ನುವ ಅಂಶ ಏರಿದ್ದು ನೋಡಿ ಗಾಬರಿ ಬೇಡ, ಮಾಸಿನಿಂದಲೂ ಅದು ಬರುತ್ತದೆ. ಆದರೆ ಅಂಗೈ, ಅಂಗಾಲು ತುರಿಸಿದರೆ ಅವತ್ತೇ ಡಾಕ್ಟರ್‌ಗೆ ಹೇಳಿ.

ಎಲ್ಲರೂ ಬಸಿರಿನ ಬಗ್ಗೆಯೇ ಕೇಳುತ್ತಾರೆ. ಈ ಕಾಯಿಲೆಯಲ್ಲಿ ನಿಜವಾಗಿ ಹುಷಾರಾಗಿರಬೇಕಾದದ್ದು ಬಾಣಂತನದಲ್ಲಿ. ಬಸಿರಿನಲ್ಲಿ ಸುಮ್ಮನಿದ್ದ ಕಾಯಿಲೆ ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲೇ ತಲೆ ಎತ್ತುವುದು ಹೆಚ್ಚು. ಸುಸ್ತಾದರೆ "ಬಾಣಂತಿ, ನಿದ್ದೆಗೆಟ್ಟಿದ್ದಾಳೆ" ಅಂದುಬಿಡುತ್ತಾರೆ. ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕಣ್ಣು ಹಳದಿಯಾದರೂ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಆಸ್ಪತ್ರೆಯಿಂದ ಹೊರಡುವ ಮೊದಲೇ ಮುಂದಿನ ರಕ್ತಪರೀಕ್ಷೆಗಳ ದಿನ ಬರೆಸಿಕೊಳ್ಳಿ. ನನಗೆ ಮೈಯಲ್ಲಿ ಏನೂ ಗೊತ್ತಾಗಿರಲಿಲ್ಲ, ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಏರಿತ್ತು. ಸ್ಟೀರಾಯ್ಡ್ ಜಾಸ್ತಿ ಮಾಡಿದ ಮೇಲೆ ಇಳಿಯಿತು.

ಅದೇ ಹೊತ್ತಿಗೆ ಮನೆಯಲ್ಲಿ ಕಷಾಯ, ಲೇಹ್ಯ ಶುರುವಾಗುತ್ತದಲ್ವಾ! ನಮ್ಮಮ್ಮನಿಗೆ ಹೇಳಿಬಿಟ್ಟೆ: ಮೆಣಸು, ಜೀರಿಗೆ, ಬೆಳ್ಳುಳ್ಳಿ ಸಾರು ಎಷ್ಟು ಬೇಕಾದರೂ ಹಾಕಮ್ಮ, ಒಳಗೇನಿದೆ ಅಂತ ಗೊತ್ತಿಲ್ಲದ ಲೇಹ್ಯ ಬೇಡ. ಅಮ್ಮನಿಗೆ ಬೇಜಾರಾಯಿತು, ಆಗಲಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ನಮ್ಮ ದೇಶದ ಡಾಕ್ಟರ್‌ಗಳೇ ಬರೆದಿದ್ದಾರೆ, ಆಟೋಇಮ್ಯೂನ್ ಕಾಯಿಲೆ ಇದ್ದವರೂ ಅದರಲ್ಲಿದ್ದರು. ಕಾಮಾಲೆಗೆ ಕೊಡುವ ನಾಟಿ ಔಷಧಿಯೂ ಬೇಡ.

ಎದೆಹಾಲಿಗೆ ಅಜಥಯೋಪ್ರಿನ್ ಅಡ್ಡಿಯಿಲ್ಲ. ಹಾಲಿಗೆ ಸೇರುವುದು ತೀರಾ ಕಡಿಮೆ, ಅದೂ ಮಾತ್ರೆ ನುಂಗಿದ ಮೊದಲ 4 ಗಂಟೆಯಲ್ಲೇ ಹೆಚ್ಚು. ನಾನು ರಾತ್ರಿ ಮಗು ಹಾಲು ಕುಡಿದು ಮಲಗಿದ ಮೇಲೆ ನುಂಗುತ್ತಿದ್ದೆ.

ಮುಂದಿನ ಸಲ ಲಿವರ್ ಡಾಕ್ಟರ್ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಮಾತ್ರೆ ಬಿಡಬಾರದು ಅಂತ ಸೊಸೆ ಹೇಳುವುದಕ್ಕಿಂತ ಡಾಕ್ಟರ್ ಹೇಳಿದರೆ ಮನೆಯಲ್ಲಿ ಅರ್ಧ ಜಗಳ ತಪ್ಪುತ್ತದೆ.