ನೀಲಿ ತುದಿಯ ಹಟ

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಕೂದಲ ತುದಿಗೆ ನೀಲಿ ಬಣ್ಣ ಬೇಕಂತೆ. ಮೂರು ತಿಂಗಳಿಂದ ಇದೇ ಹಟ. 'ಕಾಲೇಜು ಸೇರುವವರೆಗೆ ಆ ಮಾತೇ ಎತ್ತಬೇಡ, ನೋಡಿದವರು ಏನಂತಾರೆ' ಎನ್ನುತ್ತಾರೆ ಅವಳಪ್ಪ. ನಾನು 'ಅದರಲ್ಲಿ ಕೆಮಿಕಲ್ ಇರುತ್ತೆ, ಕೂದಲು ಹಾಳಾಗುತ್ತೆ' ಅಂತ ಹೇಳಿ ನೋಡಿದೆ. 'ನೀನು ತಿಂಗಳು ತಿಂಗಳು ಹಚ್ಕೊಳ್ತೀಯಲ್ಲಮ್ಮಾ, ಅದರಲ್ಲಿ ಇಲ್ವಾ?' ಅಂದಳು. ನನ್ನ ಬಾಯಿ ಕಟ್ಟಿಹೋಯಿತು. ನರೆಗೂದಲಿಗೆ ನಾನು ಕಪ್ಪು ಡೈ ಹಚ್ಚುವುದು ನಿಜ. ಹಚ್ಚಿದ ಮೇಲೆ ಒಂದೆರಡು ದಿನ ಕಿವಿಯ ಹಿಂದೆ ತುರಿಸುತ್ತೆ, ಅದು ಬಿಟ್ಟರೆ ನನಗೇನೂ ತೊಂದರೆಯಾಗಿಲ್ಲ. ಮಕ್ಕಳು ಯಾವ ವಯಸ್ಸಿಗೆ ಬಣ್ಣ ಹಚ್ಚಬಹುದು? ಒಂದು ವಯಸ್ಸು ಹೇಳಿಬಿಡಿ, ಜಗಳ ಮುಗಿಯಲಿ.

ಉತ್ತರ: ಮಗಳ ವಿಷಯ ಆಮೇಲೆ. ಮೊದಲು ನಿಮ್ಮ ಕಿವಿಯ ಹಿಂದಿನ ತುರಿಕೆ. ನೀವು ಅದನ್ನು ಸುಮ್ನೆ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ.

ಬಹುಕಾಲ ನಿಲ್ಲುವ ಕಪ್ಪು, ಕಂದು ಡೈಗಳಲ್ಲಿ ಹೆಚ್ಚಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರ ಮೈಗೆ ಅದು ಒಗ್ಗುವುದಿಲ್ಲ. ವರ್ಷಗಟ್ಟಲೆ ಹಚ್ಚಿ ಏನೂ ಆಗದವರಿಗೂ ಒಂದು ದಿನ ಶುರುವಾಗಬಹುದು. ಕಿವಿಯ ಸುತ್ತ, ಹಣೆಯ ಅಂಚಿನಲ್ಲಿ, ಕತ್ತಿನ ಹಿಂದೆ ಸಣ್ಣಗೆ ತುರಿಕೆ. ಕಡೆಗಣಿಸಿ ಹಚ್ಚುತ್ತಾ ಹೋದರೆ ಇನ್ನೊಂದು ಸಲ ಮುಖ ಬಾತು ಕಣ್ಣು ಬಿಡಲಾಗದಷ್ಟು ಜೋರಾಗಬಹುದು. ಒಮ್ಮೆ ಈ ಅಲರ್ಜಿ ಹತ್ತಿಕೊಂಡರೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಹಾಗಾಗಿ ಈ ತಿಂಗಳ ಡೈ ಬೇಡ. ಚರ್ಮದ ಡಾಕ್ಟರಿಗೆ ತೋರಿಸಿ, ಡೈ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ನಿಮಗೆ ಅಲರ್ಜಿ ಇದ್ದ ಮಾತ್ರಕ್ಕೆ ಮಗಳಿಗೂ ಇರುತ್ತದೆ ಎಂದಲ್ಲ. ಆದರೆ ಅವಳ ಪ್ರಶ್ನೆಗೆ ಉತ್ತರ ನಿಮ್ಮ ಕಿವಿಯ ಹಿಂದೆಯೇ ಇದೆ ನೋಡಿ. 'ಹೌದು ಕಣೆ, ಇದರಲ್ಲೂ ಕೆಮಿಕಲ್ಲೇ. ನನಗೆ ಆಗಿಬರ್ತಿಲ್ಲ ಅನ್ಸುತ್ತೆ, ಇಲ್ಲಿ ನೋಡು' ಎಂದು ಕಿವಿ ಮಡಚಿ ತೋರಿಸಿ. ಬಾಯಿ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಇನ್ನು ವಯಸ್ಸು. ನಿಮಗೆ ಒಂದು ಸಂಖ್ಯೆ ಬೇಕೇ ಬೇಕು ಎಂದಾದರೆ 16. ಇದನ್ನು ನಾನು ಗಾಳಿಯಲ್ಲಿ ಹಿಡಿದು ತಂದಿಲ್ಲ. ಪಿಪಿಡಿಯಂಥ ಅಲರ್ಜಿ ತರಬಲ್ಲ ಡೈಗಳ ಡಬ್ಬಿಯ ಮೇಲೆ '16 ವರ್ಷದೊಳಗಿನವರಿಗಲ್ಲ' ಎಂದು ಮುದ್ರಿಸಲೇಬೇಕು ಎಂಬ ನಿಯಮ ಯುರೋಪ್ ಒಕ್ಕೂಟದಲ್ಲಿದೆ. ಅದೇ ಎಚ್ಚರಿಕೆಯಲ್ಲಿ ಕಪ್ಪು ಮೆಹಂದಿ ಟ್ಯಾಟೂ ಬಗ್ಗೆಯೂ ಒಂದು ಮಾತಿದೆ. ಬೇಗ ಕಪ್ಪಾಗಲಿ ಎಂದು ಅದಕ್ಕೆ ಎಷ್ಟೋ ಸಲ ಇದೇ ಪಿಪಿಡಿ ಬೆರೆಸುತ್ತಾರೆ. ಚಿಕ್ಕಂದಿನಲ್ಲಿ ಕೈಗೆ ಅದನ್ನು ಹಾಕಿಸಿಕೊಂಡು ಗುಳ್ಳೆ ಎದ್ದಿದ್ದರೆ, ಮುಂದೆ ಡೈ ಹಚ್ಚಿದಾಗ ತಲೆಗೂ ಅದೇ ಗತಿ ಆಗಬಹುದು. ನಿಮ್ಮ ಮಗಳಿಗೆ ಹಾಗೇನಾದರೂ ಆಗಿತ್ತಾ, ನೆನಪು ಮಾಡಿಕೊಳ್ಳಿ.

ಆದರೆ ಅವಳು ಕೇಳುತ್ತಿರುವುದು ಇಡೀ ತಲೆಗೆ ಡೈ ಅಲ್ಲವಲ್ಲ, ತುದಿಗೆ ನೀಲಿ. ಅದು ಬೇರೆಯೇ ಕಥೆ.

ಕಪ್ಪು ಕೂದಲ ಮೇಲೆ ನೀಲಿ ಕಾಣುವುದಿಲ್ಲ. ಕಪ್ಪು ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಹಾಗೆ. ಚೆನ್ನಾಗಿ ಕಾಣಬೇಕಾದರೆ ಮೊದಲು ಬ್ಲೀಚ್ ಮಾಡಿ ಕೂದಲಿನ ಸ್ವಂತ ಬಣ್ಣ ತೆಗೆಯಬೇಕು. ಗಾಬರಿ ಆಗಬೇಕಾದದ್ದು ನೀಲಿಯ ಬಗ್ಗೆ ಅಲ್ಲ, ಈ ಬ್ಲೀಚ್ ಬಗ್ಗೆ. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಪರ್ಸಲ್ಫೇಟ್ ಪುಡಿ ಕಲಸಿದ ಆ ಪೇಸ್ಟ್ ತಲೆಯ ಚರ್ಮಕ್ಕೆ ತಾಗಿದರೆ ಉರಿ, ಜಾಸ್ತಿ ಹೊತ್ತು ಬಿಟ್ಟರೆ ಸುಟ್ಟ ಗಾಯ. ಆ ಪುಡಿ ಉಬ್ಬಸವನ್ನೂ ಕೆದಕಬಹುದು. ಮಗಳಿಗೆ ಉಬ್ಬಸ ಇದ್ದರೆ ಬ್ಲೀಚ್ ಮಾತು ಇಲ್ಲಿಗೇ ನಿಲ್ಲಲಿ.

ಇಲ್ಲದಿದ್ದರೆ ತುದಿ ಎನ್ನುವುದು ಅವಳ ಪರವಾಗಿಯೇ ಇದೆ. ಕೂದಲಿಗೆ ಜೀವ ಇರುವುದು ಬುಡದಲ್ಲಿ, ಚರ್ಮದೊಳಗೆ. ಹೊರಗೆ ಕಾಣುವುದು ಸತ್ತ ಎಳೆ. ತುದಿ ಒರಟಾಗಿ ಪೊರಕೆಯಂತಾದರೆ ಕತ್ತರಿಸಿ ಬಿಸಾಡಬಹುದು. ಬುಡದಿಂದ ಬಣ್ಣ ಹಚ್ಚಿದ ತಲೆಗೆ ಆ ಸುಲಭ ಇಲ್ಲ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್, ಎರಡು ಬಣ್ಣದ ಗೆರೆ ಹೊತ್ತುಕೊಂಡು ವರ್ಷಗಟ್ಟಲೆ ಓಡಾಡಬೇಕು.

ನನ್ನ ಮಗಳಾಗಿದ್ದರೆ ಏನು ಮಾಡುತ್ತಿದ್ದೆ, ಹೇಳುತ್ತೇನೆ. ಈಗ, ರಜೆಯಲ್ಲಿ, ತೊಳೆದರೆ ಹೋಗುವ ಬಣ್ಣದ ಮೇಣವನ್ನೋ ಹೇರ್ ಚಾಕನ್ನೋ ತಂದುಕೊಡುತ್ತಿದ್ದೆ. ಕಪ್ಪು ಕೂದಲಿಗೂ ಮೇಣ ಸುಮಾರಾಗಿ ಹತ್ತುತ್ತದೆ. ಕ್ಲಿಪ್ ಹಾಕುವ ನೀಲಿ ಎಳೆಗಳೂ ಸಿಗುತ್ತವೆ. ಬಟ್ಟೆಗೆಲ್ಲ ಬಣ್ಣ ಮೆತ್ತಿಕೊಂಡು ಅರ್ಧದಷ್ಟು ಮಕ್ಕಳ ಆಸೆ ಅಲ್ಲೇ ಇಳಿಯುತ್ತದೆ ಎಂಬುದು ನನ್ನ ಅಂದಾಜು, ಲೆಕ್ಕ ಅಲ್ಲ. 14ರ ಹೊತ್ತಿಗೂ ಅದೇ ಆಸೆ ಇದ್ದರೆ, ಶಾಲೆಯಲ್ಲಿ ಅಡ್ಡಿಯಿಲ್ಲದಿದ್ದರೆ, ಕೆಲಸ ಗೊತ್ತಿರುವವರ ಕೈಯಲ್ಲಿ ತುದಿಗೆ ಮಾತ್ರ ಬ್ಲೀಚ್, ಅದರ ಮೇಲೆ ಕೆಲವು ವಾರಗಳಲ್ಲಿ ಮಾಸುವ ನೀಲಿ. ಚರ್ಮಕ್ಕೆ ತಾಗುವ ಡೈ ಏನಿದ್ದರೂ 16 ಆದ ಮೇಲೆ. ಮನೆಯಲ್ಲಿ ಗೆಳತಿಯರು ಸೇರಿ ಬ್ಲೀಚ್ ಮಾಡುವುದು ಮಾತ್ರ ಯಾವಾಗಲೂ ಬೇಡ.

ಯಾವುದೇ ಡೈ ಆಗಲಿ, ಹಚ್ಚುವ 48 ಗಂಟೆ ಮುಂಚೆ ಡಬ್ಬಿಯಲ್ಲಿ ಹೇಳಿದಂತೆ ಚರ್ಮದ ಮೇಲೆ ಒಂದು ಚುಕ್ಕೆ ಹಚ್ಚಿ ನೋಡಬೇಕು. ಎರಡು ದಿನ ಸುಮ್ಮನೆ ಕಾಯಲು ಅವಳು ಒಪ್ಪುತ್ತಾಳಾ, ನೋಡಿ. ನನಗೆ ಕೇಳಿದರೆ, ವಯಸ್ಸು ಆಗಿದೆಯಾ ಇಲ್ಲವಾ ಅನ್ನುವುದು ಹುಟ್ಟಿದ ದಿನಕ್ಕಿಂತ ಇಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ನಿಮ್ಮ ಯಜಮಾನರ ಚಿಂತೆ ಕೆಮಿಕಲ್ ಅಲ್ಲ, ನೋಡುವವರು. ಅದು ತಪ್ಪು ಎನ್ನಲಾರೆ, ಅಪ್ಪನಿಗೆ ಮುಜುಗರ ಆಗಬಾರದು ಎಂದೇನಿಲ್ಲ. ಆದರೆ ಅದನ್ನು ಅವರೇ ಮಗಳಿಗೆ ಹೇಳಲಿ. ನೀವು ಅದರ ಮೇಲೆ ಕೆಮಿಕಲ್ ಎಂಬ ಹೊದಿಕೆ ಹೊದಿಸಬೇಡಿ. ಹೊದಿಸಿದರೆ ನಾಳೆ ಅವಳು 'ಅಮೋನಿಯಾ ಇಲ್ಲ' ಎಂದು ಬರೆದ ಡಬ್ಬಿ ಹಿಡಿದು ಬರುತ್ತಾಳೆ, ಅಷ್ಟೇ. ಅಂದ ಹಾಗೆ, ಅಮೋನಿಯಾ ಇಲ್ಲ ಎಂದರೆ ಪಿಪಿಡಿ ಇಲ್ಲ ಎಂದರ್ಥವಲ್ಲ. 'ಹರ್ಬಲ್' ಎಂದು ಬರೆದಿದ್ದರೂ ಹಿಂಬದಿಯ ಸಣ್ಣ ಅಕ್ಷರ ಓದಿ. ಇದು ನಿಮಗೂ ಸೇರಿ ಹೇಳಿದ್ದು.

ಮೇಣ ತಂದ ದಿನ ಅವಳ ದಿಂಬಿಗೆ ಹಳೆಯ ಕವರ್ ಹಾಕಿ. ನೀಲಿ ಚೆನ್ನಾಗಿಯೇ ಮೆತ್ತುತ್ತದೆ.