ಬಿಕಾಂ ಆದವರಿಗೆ ಸಸ್ಟೈನಬಿಲಿಟಿ ಎಂಬಿಎ ಆಗುತ್ತದಾ?

ಬದಿಯಡ್ಕದಲ್ಲಿ ಅಡಿಕೆ ಹಾಳೆ ತಟ್ಟೆ ಯೂನಿಟ್‌ನ ಲೆಕ್ಕ ಬರೆಯುತ್ತಿದ್ದೇನೆ, ಓದಿದ್ದು ಬಿಕಾಂ, ಸಸ್ಟೈನಬಿಲಿಟಿ (ಪರಿಸರ ಹಾಳಾಗದಂತೆ ಉದ್ಯಮ ನಡೆಸುವ ವಿಷಯ) ಎಂಬಿಎ ಮಾಡಿದರೆ ಕೆಲಸ ಸಿಗುತ್ತದಾ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು ಮಾರಾಯ್ರೆ. ಲೆಕ್ಕ ಗೊತ್ತಿರುವುದೇ ನಿಮ್ಮ ಬಲ.

ಈ ಕ್ಷೇತ್ರದಲ್ಲಿ ಈಗ ವರದಿ, ಲೆಕ್ಕದ ಕೆಲಸವೇ ಜಾಸ್ತಿ. ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳಿಗೆ ಅದರ ನಿಯಂತ್ರಕ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ಕಡ್ಡಾಯ ಮಾಡಿದೆ, ಅಂದರೆ ಪರಿಸರ, ಸಮಾಜದ ಹೊಣೆಯ ಬಗ್ಗೆ ಕಂಪನಿ ವರ್ಷವರ್ಷ ಕೊಡುವ ವರದಿ. ಕರೆಂಟ್ ಎಷ್ಟು ಉರಿಯಿತು, ನೀರು ಎಷ್ಟು ಹೋಯಿತು, ಕಸ ಏನಾಯಿತು, ಎಲ್ಲ ಬರೆಯಬೇಕು. ಹೊಗೆಯ, ಅಂದರೆ ಕಾರ್ಬನ್ ಲೆಕ್ಕದಲ್ಲಿ ಮೂರು ಭಾಗ: ನಾವೇ ಉರಿಸಿದ್ದು ಸ್ಕೋಪ್ 1, ಕೊಂಡ ಕರೆಂಟಿನದ್ದು ಸ್ಕೋಪ್ 2, ನಮ್ಮ ಕೆಲಸಕ್ಕಾಗಿ ಬೇರೆಯವರಿಂದ ಆದದ್ದು ಸ್ಕೋಪ್ 3. ನಿಮ್ಮ ಯೂನಿಟ್‌ನಲ್ಲೇ ನೋಡಿ. ಜನರೇಟರಿಗೆ ಸುರಿದ ಡೀಸೆಲ್ ಸ್ಕೋಪ್ 1, ಅಚ್ಚು ಬಿಸಿ ಮಾಡುವ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಕರೆಂಟ್ ಸ್ಕೋಪ್ 2, ತೋಟದಿಂದ ಹಾಳೆ ತರುವ ಬಾಡಿಗೆ ಪಿಕಪ್ ಸ್ಕೋಪ್ 3. ಆ ಬಿಲ್ಲುಗಳೆಲ್ಲ ನಿಮ್ಮ ಕೈಯಲ್ಲೇ ಇವೆ ಅಲ್ವಾ? ಒಂದು ವರ್ಷದ್ದು ಎಕ್ಸೆಲ್‌ಗೆ ಹಾಕಿ, ಸಂದರ್ಶನದಲ್ಲಿ ಅದನ್ನೇ ತೋರಿಸಿ.

ಐಐಎಂ ಲಕ್ನೋದ ನೋಯ್ಡಾ ಕ್ಯಾಂಪಸ್, ಭೋಪಾಲದ ಐಐಎಫ್‌ಎಂ, ದೆಹಲಿಯ ಟೆರಿ, ಈ ಮೂರು ಸಂಸ್ಥೆಗಳ ಕೋರ್ಸನ್ನು ಮೊದಲು ನೋಡಿ. ಫೀಸು ಕಡಿಮೆಯಲ್ಲ. ಸಿಲಬಸ್‌ನಲ್ಲಿ ಕಾರ್ಬನ್ ಲೆಕ್ಕ, ಕಂಪನಿಯಲ್ಲಿ ಇಂಟರ್ನ್‌ಶಿಪ್ ಇದೆಯಾ ಕೇಳಿ. ಹೆಸರಿಗೆ ಮಾತ್ರ ಗ್ರೀನ್ ಅಂಟಿಸಿದ ಕೋರ್ಸಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ನನಗೆ ಇದರಲ್ಲಿ ಇಷ್ಟು ಆಸಕ್ತಿ ಯಾಕೆಂದರೆ, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಹೊಡೆದದ್ದು ನಮ್ಮ ಕಾಸರಗೋಡಿನ ಎಣ್ಮಕಜೆ ಕಡೆಯಲ್ಲೇ. ಅಂಥ ತೀರ್ಮಾನ ಆಗುವಾಗ ಅಂಕಿ ಅಂಶ ಹಿಡಿದು ಬೇಡ ಎನ್ನುವವರು ಕಂಪನಿಯ ಒಳಗೇ ಇರಬೇಕು, ನಮ್ಮ ಊರಿನವರಾದರೆ ಇನ್ನೂ ಒಳ್ಳೆಯದು.

ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆ ನವೆಂಬರಿನಲ್ಲಿ, ಅರ್ಜಿ ಸಾಮಾನ್ಯವಾಗಿ ಆಗಸ್ಟಿಗೇ ಶುರು. ಗಣಿತ ಈಗಲೇ ಹಿಡಿಯಿರಿ.